ಹರಕೆ ಹೊರುವುದು ಒಂಟಿಯಾಗಿ, ತೀರಿಸುವುದು ಸಭೆಯ ನಡುವೆ

ಸಂಪಾದಕರಿಗೆ ನಮಸ್ಕಾರ.

ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ, ಉಪವಾಸ ಕೂಟಗಳಲ್ಲಿ, ಉಜ್ಜೀವನ ಸಭೆಗಳಲ್ಲಿ ಕ್ರೈಸ್ತ ವಿಶ್ವಾಸಿಗಳು ದೇವರಿಗೆ ಮಾತು ಕೊಡುತ್ತಾರೆ. ಬೋಧಕರು ಕರೆ ಕೊಡುತ್ತಾರೆ, ಕೈಗಳು ಮೇಲೇಳುತ್ತವೆ, ಕೆಲವೆಡೆ ಕಾಣಿಕೆಯ ಮೊತ್ತವನ್ನೂ ಆಗಲೇ ಬರೆಸಿಕೊಳ್ಳಲಾಗುತ್ತದೆ. ಆರು ತಿಂಗಳಾದ ಮೇಲೆ ಆ ಮಾತು ಏನಾಯಿತೆಂದು ವಿಚಾರಿಸುವವರಿಲ್ಲ. ತೀರಿಸಿದವರು ಸದ್ದಿಲ್ಲದೆ ತೀರಿಸುತ್ತಾರೆ, ತೀರಿಸದವರು ಸದ್ದಿಲ್ಲದೆ ನಾಚುತ್ತಾರೆ. ಬೈಬಲಿನಲ್ಲಿ ಕಾಣುವ ಕ್ರಮ ಇದಕ್ಕೆ ತಿರುಗುಮುರುಗಾಗಿದೆ ಎಂಬುದನ್ನು ಸಭೆಗಳಲ್ಲಿ ವಾಕ್ಯಬೋಧನೆಯ ಕೆಲಸ ಮಾಡುವ ನಾವು ತಮ್ಮ ಪತ್ರಿಕೆಯ ಓದುಗರ ಗಮನಕ್ಕೆ ತರಬಯಸುತ್ತೇವೆ. ಅಲ್ಲಿ ಹರಕೆ ಹೊರುವುದು ಬಹುಮಟ್ಟಿಗೆ ಒಂಟಿಯಾಗಿ. ತೀರಿಸುವುದು ಜನರ ಎದುರಿಗೆ, ಸ್ತುತಿಯೊಂದಿಗೆ.

ಹನ್ನಳು ಮಗುವಿಗಾಗಿ ಹರಕೆ ಹೊತ್ತಾಗ ತುಟಿ ಮಾತ್ರ ಅಲುಗುತ್ತಿತ್ತು, ಧ್ವನಿ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿ ಆಕೆ ಕುಡಿದಿದ್ದಾಳೆಂದೇ ಭಾವಿಸಿದ. ಸಮುವೇಲ ಮೊಲೆ ಬಿಟ್ಟ ಮೇಲೆ ಅದೇ ಹನ್ನಳು ಅವನನ್ನು ಕರೆದುಕೊಂಡು, ಯಜ್ಞದ ಹೋರಿಯ ಜೊತೆಗೆ ಒಂದು ಏಫಾ ಹಿಟ್ಟು, ಒಂದು ಬುದ್ದಲಿ ದ್ರಾಕ್ಷಾರಸ ಹೊತ್ತು ಶಿಲೋವಿಗೆ ಬಂದಳು. ಸಮುವೇಲನ ಮೊದಲನೆಯ ಗ್ರಂಥದ 2ನೇ ಅಧ್ಯಾಯದಲ್ಲಿರುವ ಆಕೆಯ ಹಾಡು ಮಗು ಹುಟ್ಟಿದ ದಿನದ್ದಲ್ಲ, ಮಗುವನ್ನು ಬಿಟ್ಟುಕೊಟ್ಟ ದಿನದ್ದು. ಸ್ತುತಿ ಉಕ್ಕಿದ್ದು ಪಡೆದಾಗಲ್ಲ, ತೀರಿಸಿದಾಗ. ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ 66ನೇ ಕೀರ್ತನೆಯ ಭಕ್ತನೂ ಇಕ್ಕಟ್ಟಿನಲ್ಲಿ ತನ್ನ ಬಾಯಿ ಆಡಿದ ಹರಕೆಗಳನ್ನು ಸಲ್ಲಿಸಲು ಆಲಯಕ್ಕೆ ಬರುತ್ತಾನೆ. ಆಮೇಲೆ ದೇವಭಕ್ತರನ್ನೆಲ್ಲ ಕರೆದು, ದೇವರು ತನಗೆ ಮಾಡಿದ್ದನ್ನು ಹೇಳುತ್ತೇನೆ, ಕೇಳಿರಿ ಎನ್ನುತ್ತಾನೆ. 116ನೇ ಕೀರ್ತನೆಯಲ್ಲಿ ಹರಕೆಯನ್ನು ಜನರೆಲ್ಲರ ಮುಂದೆ ಸಲ್ಲಿಸುವ ಮಾತು ಎರಡು ಸಲ, 14 ಮತ್ತು 18ನೇ ವಚನಗಳಲ್ಲಿ, ಬರುತ್ತದೆ.

ಮೋಶೆಯ ಧರ್ಮಶಾಸ್ತ್ರ ಇದನ್ನು ಊಟದ ಮಟ್ಟಕ್ಕೂ ಇಳಿಸಿತ್ತು. ಹರಕೆಯ ಯಜ್ಞದ ಮಾಂಸವನ್ನು ಅರ್ಪಿಸಿದ ದಿನ ಮತ್ತು ಮರುದಿನ ತಿನ್ನಬಹುದು; ಮೂರನೆಯ ದಿನಕ್ಕೆ ಉಳಿದದ್ದನ್ನು ಸುಟ್ಟುಬಿಡಬೇಕು (ಯಾಜಕಕಾಂಡ 7:16-17). ಒಂದು ಹೋರಿಯನ್ನು ಎರಡು ದಿನದಲ್ಲಿ ಒಬ್ಬರೇ ತಿಂದು ಮುಗಿಸಲಾಗದು. ಹಾಗಾಗಿ ಧರ್ಮೋಪದೇಶಕಾಂಡ 12ನೇ ಅಧ್ಯಾಯ ಹೇಳುವಂತೆ ಮಕ್ಕಳು, ಆಳುಗಳು, ಊರಿನ ಲೇವಿಯರು (ದೇವಾಲಯದ ಸೇವೆಗೆ ಮೀಸಲಾದ ಕುಲದವರು) ಎಲ್ಲರೂ ಆ ಪಂಕ್ತಿಗೆ ಬರಬೇಕಿತ್ತು. 22ನೇ ಕೀರ್ತನೆಯಲ್ಲಿ ಹರಕೆ ಸಲ್ಲಿಸುವ ವಚನದ ಬೆನ್ನಿಗೇ ದೀನರು ಉಂಡು ತೃಪ್ತರಾಗುವ ವಚನ ಬರುವುದು ಈ ಹಿನ್ನೆಲೆಯಲ್ಲೇ. ಒಬ್ಬನ ಹರಕೆ ತೀರಿದರೆ ಇನ್ನೊಬ್ಬನ ಹೊಟ್ಟೆ ತುಂಬಬೇಕು.

ಹಾಗಾದರೆ ಗುಪ್ತವಾಗಿ ದಾನ ಕೊಡಿರಿ ಎಂದ ಯೇಸುವಿನ ಮಾತಿಗೆ ಇದು ವಿರುದ್ಧವಲ್ಲವೇ? ಅಲ್ಲ. ಕೀರ್ತನೆಗಾರ ಜನರಿಗೆ ಹೇಳುವುದು ದೇವರು ಏನು ಮಾಡಿದನೆಂಬುದನ್ನು. ಎಷ್ಟು ಕೊಟ್ಟೆ ಎಂಬ ಲೆಕ್ಕ ಹೇಳತೊಡಗಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ.

ಹೊರುವ ದಿನಕ್ಕೂ ತೀರಿಸುವ ದಿನಕ್ಕೂ ನಡುವಿನ ಕಾಲವೇ ಅಪಾಯದ್ದು. ಯಾಕೋಬನನ್ನು ನೋಡಿ. ಅಣ್ಣನಿಗೆ ಹೆದರಿ ಓಡುವಾಗ ಬೇತೇಲಿನಲ್ಲಿ ಕಲ್ಲು ನಿಲ್ಲಿಸಿ ಹರಕೆ ಹೊತ್ತ: ಅನ್ನ, ಬಟ್ಟೆ, ಸುಖವಾಗಿ ಹಿಂತಿರುಗುವ ಭಾಗ್ಯ ಸಿಕ್ಕರೆ ಈ ಸ್ಥಳ ದೇವರ ಮನೆಯಾಗುವುದು, ದಶಮಾಂಶ ಕೊಡುವೆನು ಎಂದು. ಸೋದರಮಾವ ಲಾಬಾನನ ಬಳಿ 20 ವರ್ಷ ಕಳೆದ. ಕೇಳಿದ್ದೆಲ್ಲ ಸಿಕ್ಕಿತು. ಹಿಂತಿರುಗಿ ಬಂದವನು ಬೇತೇಲಿಗೆ ಹೋಗಲಿಲ್ಲ. ಅಲ್ಲಿಂದ ಒಂದೆರಡು ದಿನದ ನಡಿಗೆಯಷ್ಟೇ ದೂರದ ಶೆಕೆಮಿನಲ್ಲಿ ಹೊಲ ಕೊಂಡು ಗುಡಾರ ಹಾಕಿದ. ಅಲ್ಲಿ ಮಗಳು ದೀನಳಿಗೆ ಆದ ಅನ್ಯಾಯ, ಗಂಡುಮಕ್ಕಳು ನಡೆಸಿದ ಕೊಲೆ ಎಲ್ಲ ಮುಗಿದ ಮೇಲೆ, ಆದಿಕಾಂಡದ 35ನೇ ಅಧ್ಯಾಯದಲ್ಲಿ, ದೇವರೇ ಎದ್ದು ಬೇತೇಲಿಗೆ ಹೋಗು ಎನ್ನಬೇಕಾಯಿತು. ಹರಕೆ ಮರೆಯುವುದು ಹೆಚ್ಚಾಗಿ ಕಷ್ಟದಲ್ಲಲ್ಲ, ಕಷ್ಟ ಕಳೆದು ನೆಲೆ ಸಿಕ್ಕಾಗ.

ಈ ನಡುಗಾಲಕ್ಕೆ ಮದ್ದು 61ನೇ ಕೀರ್ತನೆಯಲ್ಲಿದೆ. ಅದು 8 ವಚನಗಳ ಪುಟ್ಟ ಪ್ರಾರ್ಥನೆ. ಎದೆ ಕುಂದಿದವನು ಭೂಮಿಯ ಕಟ್ಟಕಡೆಯಿಂದ ಕೂಗುತ್ತಾನೆ. 5ನೇ ವಚನದಲ್ಲಿ ದೇವರು ತನ್ನ ಹರಕೆಗಳಿಗೆ ಕಿವಿಗೊಟ್ಟನೆನ್ನುತ್ತಾನೆ. ಕೊನೆಯ ವಚನದಲ್ಲಿ ದೇವರ ನಾಮವನ್ನು ಸದಾ ಕೀರ್ತಿಸುತ್ತ, ದಿನದಿನವೂ ಹರಕೆಗಳನ್ನು ಸಲ್ಲಿಸುವೆನೆನ್ನುತ್ತಾನೆ. ಈ ನಡುವೆ ಅವನ ಸಂಕಟ ತೀರಿತೆಂದು ಎಲ್ಲೂ ಇಲ್ಲ. ಅಂದರೆ ತೀರಿಸುವ ಕೆಲಸ ಸಂಕಟದ ನಡುವೆಯೇ ಶುರುವಾಗಿದೆ, ಕಂತು ದಿನದ್ದು. ಸ್ತುತಿಯೇ ಆ ದಿನದ ಕಂತು. ದಿನವೂ ಸ್ತುತಿಸುವವನಿಗೆ ತಾನು ಯಾರಿಗೆ ಮಾತು ಕೊಟ್ಟಿದ್ದೇನೆಂಬುದು ಮರೆಯುವುದು ಕಷ್ಟ. ಸ್ತುತಿ ಬಿಟ್ಟವನಿಗಾದರೋ ಹರಕೆ ಬರಬರುತ್ತ ಸಾಲದಂತೆ ಕಂಡು, ಸಾಲ ಕೊಟ್ಟವನ ಮುಖ ತಪ್ಪಿಸುವ ಮನಸ್ಸಾಗುತ್ತದೆ. ಪ್ರಾರ್ಥನೆ ನಿಲ್ಲುವುದು ಹೀಗೆ.

ಇನ್ನು ಯಾವುದನ್ನು ಹರಕೆಯಾಗಿ ಹೊರಬಹುದು ಎಂಬ ಪ್ರಶ್ನೆ. ಸಾಕಷ್ಟು ಹರಕೆಗಳು ಹುಟ್ಟುವಾಗಲೇ ಮುರಿದಿರುತ್ತವೆ. ಚೊಚ್ಚಲ ಪಶುವನ್ನು ಹರಕೆಗೆ ಮೀಸಲಿಡಕೂಡದು, ಅದು ಮೊದಲೇ ದೇವರದ್ದು ಎನ್ನುತ್ತದೆ ಯಾಜಕಕಾಂಡ 27:26. ಸುಳ್ಳು ಹೇಳುವುದಿಲ್ಲ, ಲಂಚ ಮುಟ್ಟುವುದಿಲ್ಲ ಎಂಬುದೂ ಹಾಗೆಯೇ. ಅದು ಆಜ್ಞೆ, ಹರಕೆ ಹೊತ್ತರೂ ಹೊರದಿದ್ದರೂ ಮಾಡಲೇಬೇಕಾದದ್ದು. ಅಂಥದ್ದನ್ನು ಹರಕೆ ಮಾಡಿದರೆ ಅವಧಿ ಮುಗಿದ ಮೇಲೆ ಬಿಡಬಹುದೆಂಬ ಭ್ರಮೆ ಹುಟ್ಟುತ್ತದೆ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1191ನೇ ವಿಧಿಯ ಪ್ರಕಾರ ಹರಕೆಯೆಂದರೆ ಸಾಧ್ಯವಾದ, ಹೆಚ್ಚು ಒಳ್ಳೆಯದಾದ ಒಂದರ ಬಗ್ಗೆ ಆಲೋಚಿಸಿ, ಸ್ವತಂತ್ರವಾಗಿ ದೇವರಿಗೆ ಕೊಟ್ಟ ಮಾತು; ಗಂಭೀರವಾದ ಅನ್ಯಾಯದ ಬೆದರಿಕೆಯಿಂದಲೋ ಮೋಸದಿಂದಲೋ ಪಡೆದದ್ದು ಅಸಿಂಧು. ಪ್ರೊಟೆಸ್ಟಂಟರ ಕಡೆಯಿಂದ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 22ನೇ ಅಧ್ಯಾಯವೂ ದೇವರ ವಾಕ್ಯ ನಿಷೇಧಿಸಿದ್ದನ್ನು, ಆಜ್ಞಾಪಿಸಿದ ಕರ್ತವ್ಯಕ್ಕೆ ಅಡ್ಡಿಯಾಗುವುದನ್ನು, ತನ್ನ ಶಕ್ತಿಗೆ ಮೀರಿದ್ದನ್ನು ಯಾರೂ ಹರಕೆಯಾಗಿ ಹೊರಕೂಡದು ಎನ್ನುತ್ತದೆ. ಇಷ್ಟು ದೂರದ ಎರಡು ಪರಂಪರೆಗಳು ಇಲ್ಲಿ ಇಷ್ಟು ಹತ್ತಿರ ಬರುವುದು ಗಮನಿಸತಕ್ಕದ್ದು.

ಕರ್ತವ್ಯಕ್ಕೆ ಅಡ್ಡಿ ಎಂಬುದಕ್ಕೆ ಯೇಸುವೇ ಉದಾಹರಣೆ ಕೊಟ್ಟಿದ್ದಾನೆ. ತಂದೆತಾಯಿಗೆ ಸಲ್ಲಬೇಕಾದ ಸಹಾಯವನ್ನು ಕೊರ್ಬಾನ್, ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಮಾರ್ಕ 7ನೇ ಅಧ್ಯಾಯದಲ್ಲಿ ಖಂಡಿಸಿದ. ಹೆತ್ತವರ ಔಷಧಿಯ ಹಣ, ತೀರಿಸಬೇಕಾದ ಸಾಲ, ಕೆಲಸದವರ ಸಂಬಳ ಇವು ಇನ್ನೊಬ್ಬರ ಪಾಲು. ನಮ್ಮ ಹರಕೆಗೆ ಸಿಗುವುದಿಲ್ಲ. ನನ್ನ ಮಗ ಪಾದ್ರಿಯಾಗಲಿ ಎಂದು ಹರಕೆ ಹೊರುವವರು ಹನ್ನಳನ್ನು ನೆನೆಯುತ್ತಾರೆ. ಆದರೆ ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಬೆಳೆದ ಮಗನ ಹೆಗಲಿಗೆ ಅದನ್ನು ದಾಟಿಸಲಾಗದು. ಹೆತ್ತವರು ಹೊರಬಹುದಾದದ್ದು ತಮ್ಮ ಪಾಲನ್ನು: ಅವನಿಗೆ ವಾಕ್ಯ ಕಲಿಸುತ್ತೇವೆ, ಅವನಿಗೆ ಕರೆ ಬಂದರೆ ತಡೆಯುವುದಿಲ್ಲ.

ಬರೆಯುವ ಕ್ರಮ ಹೀಗಿರಲಿ. ಒಂದೇ ವಾಕ್ಯ ಸಾಕು. ಅದರಲ್ಲಿ ಏನು, ಎಷ್ಟು, ಯಾವ ಹೊತ್ತಿಗೆ, ಎಲ್ಲಿಯವರೆಗೆ ಎಂಬ ನಾಲ್ಕೂ ಇರಬೇಕು. ‘ಇನ್ನು ಮುಂದೆ ನಿನಗಾಗಿ ಬದುಕುತ್ತೇನೆ’ ಎಂಬುದು ಸಮರ್ಪಣೆಯ ಪ್ರಾರ್ಥನೆಯಾಗಿ ಸುಂದರ, ಹರಕೆಯಾಗಿ ನಿರುಪಯೋಗಿ. ತೀರಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ‘ಇಂದಿನಿಂದ 40 ದಿನ, ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು, ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ ದೇವರನ್ನು ಸ್ತುತಿಸುತ್ತೇನೆ’ ಎಂದರೆ ತಿಳಿಯುತ್ತದೆ. ಷರತ್ತಿನ ಹರಕೆಯಾದರೆ ಷರತ್ತನ್ನೂ ಬಿಡಿಸಿ ಬರೆಯಿರಿ. ‘ಆರೋಗ್ಯ ಸಿಕ್ಕರೆ’ ಎಂಬುದು ಜ್ವರ ಬಿಟ್ಟಾಗಲೋ, ಕೆಲಸಕ್ಕೆ ಮರಳಿದಾಗಲೋ? ಇದನ್ನು ಆಗಲೇ ತೀರ್ಮಾನಿಸದಿದ್ದರೆ ಆಮೇಲೆ ಮನಸ್ಸು ತನಗೆ ಅನುಕೂಲವಾದದ್ದನ್ನೇ ಆರಿಸುತ್ತದೆ. ಅಳತೆಯನ್ನು ಉತ್ಸಾಹದ ದಿನ ನೋಡಿ ಇಡಬೇಡಿ, ಬಳಲಿದ ದಿನವನ್ನು ನೋಡಿ ಇಡಿ. ದಿನಕ್ಕೆ ಎರಡು ಗಂಟೆ ಎಂದವರು ಎರಡನೇ ವಾರದಲ್ಲಿ ನಿಲ್ಲಿಸುತ್ತಾರೆ; ಹತ್ತು ನಿಮಿಷ ಎಂದವರು ಮುಂದುವರಿಯುತ್ತಾರೆ, ಎಷ್ಟೋ ದಿನ ಅರ್ಧ ಗಂಟೆ ಕೂಡುತ್ತಾರೆ. ಮತ್ತು ಕೂಟದ ಭಾವೋದ್ವೇಗದಲ್ಲಿ ಹೊಳೆದದ್ದನ್ನು ಒಂದು ರಾತ್ರಿ ಮಲಗಿ ಎದ್ದ ಮೇಲೆ ಬರೆಯಿರಿ. ಅವಸರದಲ್ಲಿ ಮೀಸಲು ಎಂದುಬಿಟ್ಟು ಆಮೇಲೆ ವಿಚಾರಿಸುವುದು ಉರುಲು ಎನ್ನುತ್ತದೆ ಜ್ಞಾನೋಕ್ತಿ 20:25. ಹೊರದಿದ್ದರೆ ಪಾಪವಿಲ್ಲ ಎಂಬುದನ್ನು ಧರ್ಮೋಪದೇಶಕಾಂಡ 23:22 ಖಡಾಖಂಡಿತವಾಗಿ ಹೇಳಿದೆ.

ಹಣದ ಹರಕೆಗೆ ಎರಡು ಮಾತು. ಗಳಿಕೆ ಏರಿಳಿಯುವವರು ನಿಗದಿತ ಮೊತ್ತ ಹೊರುವುದಕ್ಕಿಂತ ಪಾಲು ಹೊರುವುದು ಕ್ಷೇಮ. ಹಣ ಕೈಗೆ ಬಂದ ದಿನವೇ ಬೇರೆ ತೆಗೆದಿಡಬೇಕು, ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆಂದರೆ ಉಳಿಯುವುದಿಲ್ಲ. ಕೆಟ್ಟ ದಾರಿಯಿಂದ ಬಂದ ಹಣವನ್ನು ಹರಕೆಗೆ ತರಕೂಡದೆಂಬುದು ಧರ್ಮೋಪದೇಶಕಾಂಡ 23:18ರ ತತ್ತ್ವ.

ದಿನದ ಸ್ತುತಿಯ ವಿಷಯಕ್ಕೆ ಬಂದರೆ, ಹೊತ್ತು ಹಳೆಯದೇ. ಲೇವಿಯರು ಪ್ರತಿದಿನ ಬೆಳಿಗ್ಗೆಯೂ ಸಂಜೆಯೂ ನಿಂತು ಸ್ತುತಿಸಬೇಕೆಂದು 1 ಪೂರ್ವಕಾಲವೃತ್ತಾಂತ 23:30ರಲ್ಲಿದೆ. 92ನೇ ಕೀರ್ತನೆ ಬೆಳಿಗ್ಗೆ ದೇವರ ಪ್ರೀತಿಯನ್ನು, ರಾತ್ರಿ ಆತನ ನಂಬಿಗಸ್ತಿಕೆಯನ್ನು ಸಾರುವುದು ಒಳ್ಳೆಯದೆನ್ನುತ್ತದೆ. ಈ ಹಂಚಿಕೆ ಬಹಳ ಉಪಯುಕ್ತ: ಬೆಳಿಗ್ಗೆ ಇನ್ನೂ ಏನೂ ನಡೆದಿರುವುದಿಲ್ಲ, ಹಾಗಾಗಿ ದೇವರು ಯಾರೆಂಬುದನ್ನು ಹೇಳಿ ಸ್ತುತಿಸುವುದು, ರಾತ್ರಿ ದಿನ ಕಣ್ಣೆದುರಿಗಿರುತ್ತದೆ, ಹಾಗಾಗಿ ಆತನು ಮಾಡಿದ್ದನ್ನು ಹೆಸರಿಸಿ ಸ್ತುತಿಸುವುದು. ಬೆಳಿಗ್ಗೆ ಹತ್ತು ನಿಮಿಷದಲ್ಲಿ ಒಂದು ಕೀರ್ತನೆ ಗಟ್ಟಿಯಾಗಿ ಓದಿ, ಅದರಿಂದಲೇ ದೇವರ ಒಂದು ಗುಣವನ್ನು ಆರಿಸಿ ಸ್ವಂತ ಮಾತಿನಲ್ಲಿ ಎರಡು ಮೂರು ವಾಕ್ಯ ಹೇಳಿ, ಒಂದು ಚರಣ ಹಾಡಿ, ಕೊನೆಗೆ ಬರೆದಿಟ್ಟ ಹರಕೆಯ ವಾಕ್ಯವನ್ನು ಓದುವುದು. ಬೇಡಿಕೆಗಳು ಇದರ ನಂತರ. ಬೇಡಿಕೆಯಿಂದ ಆರಂಭಿಸಿದ ದಿನ ಸ್ತುತಿಗೆ ಸರದಿ ಬರುವುದೇ ಇಲ್ಲ. ರಾತ್ರಿ ಐದು ನಿಮಿಷ ಸಾಕು.

ಯಾವ ಕೀರ್ತನೆ ಎಂದು ದಿನವೂ ಹುಡುಕುವುದರಲ್ಲೇ ಮನಸ್ಸು ಚದುರುತ್ತದೆ. ಮನಸ್ಸಿಗೆ ಹಿಡಿಸಿದ 23, 91, 121ರಲ್ಲೇ ಸುತ್ತುವುದೂ ಉಂಟು. ಕ್ರಮವಾಗಿ ಹೋಗುವುದು ಮೇಲು. 6ನೇ ಶತಮಾನದ ಬೆನೆಡಿಕ್ಟನ ನಿಯಮಾವಳಿ ಸನ್ಯಾಸಿಗಳಿಗೆ 150 ಕೀರ್ತನೆಗಳನ್ನು ಒಂದು ವಾರದಲ್ಲಿ ಮುಗಿಸಲು ಹೇಳಿತು. ಆಂಗ್ಲಿಕನ್ ಸಾಮಾನ್ಯ ಪ್ರಾರ್ಥನಾ ಪುಸ್ತಕ ಅದನ್ನು ತಿಂಗಳಿಗೆ ಹರಡಿ, ಬೆಳಿಗ್ಗೆ ಸಂಜೆ ಎಂದು 60 ಪಾಲು ಮಾಡಿತು. ನಾವು ಹೇಳುತ್ತಿರುವ 61ನೇ ಕೀರ್ತನೆ ಅದರಲ್ಲಿ 11ನೇ ದಿನದ ಸಂಜೆಗೆ ಬರುತ್ತದೆ. ಹೊಸಬರಿಗೆ ಇದೂ ಹೆಚ್ಚಾದೀತು. ದಿನಕ್ಕೆ ಒಂದೇ ಎಂದಿಟ್ಟುಕೊಳ್ಳಿ. 119ನೇ ಕೀರ್ತನೆಯ 176 ವಚನಗಳನ್ನು ಅದರ ಸಹಜ ವಿಭಾಗದಂತೆ ಎಂಟೆಂಟು ವಚನಗಳ 22 ದಿನಗಳಾಗಿ ಒಡೆದರೆ ಒಟ್ಟು 171 ದಿನ. ವರ್ಷಕ್ಕೆ ಎರಡು ಸುತ್ತು ಮುಗಿದು 23 ದಿನ ಮಿಕ್ಕುತ್ತದೆ; ಕಾಯಿಲೆ, ಪ್ರಯಾಣಗಳಲ್ಲಿ ತಪ್ಪಿದ ದಿನಗಳಿಗೆ ಅದು ಸಾಕು.

ಕ್ರಮವಾಗಿ ಓದಿದಾಗ ಪ್ರಲಾಪದ ಕೀರ್ತನೆಗಳೂ ಬರುತ್ತವೆ. ಅವನ್ನು ಹಾರಿಸಬೇಡಿ. 13ನೆಯದು ‘ಎಷ್ಟರವರೆಗೆ’ ಎಂಬ ಗೋಳಿನಿಂದ ಹೊರಟು ಆರೇ ವಚನಗಳಲ್ಲಿ ಹಾಡುವೆನು ಎಂಬಲ್ಲಿಗೆ ತಲುಪುತ್ತದೆ. 88ನೆಯದು ತಲುಪುವುದೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ಸ್ತುತಿಗ್ರಂಥದೊಳಗೇ ಇದೆ. ದುಃಖದಲ್ಲಿರುವವರ ಬಾಯಲ್ಲಿ ಬಲವಂತದ ಹಲ್ಲೆಲೂಯ ಹೊರಡಿಸುವುದು ಕ್ರೂರ; ಅಂಥವರು 88ನ್ನು ದೇವರ ಕಡೆಗೆ ತಿರುಗಿ ಓದಿದರೆ ಆ ದಿನದ ಕಂತು ಸಂದಿತು ಎಂದೇ ನಾವು ಹೇಳುತ್ತೇವೆ. ಸ್ತುತಿಯನ್ನು ಇಬ್ರಿಯ 13:15 ಯಜ್ಞ ಎಂದಿದೆ, ತುಟಿಗಳ ಫಲ ಎಂದಿದೆ. ಯಜ್ಞ ಮನಸ್ಸು ಹಗುರಾದ ದಿನಕ್ಕಾಗಿ ಕಾಯುವುದಿಲ್ಲ. ಮೊಬೈಲಿನಲ್ಲಿ ಭಕ್ತಿಗೀತೆ ಹಚ್ಚಿಟ್ಟು ಅಡುಗೆ ಮಾಡುವುದು ಹಿತವೇ, ಆದರೆ ಹಾಡುತ್ತಿರುವುದು ಬೇರೆಯವರ ತುಟಿ.

ಇನ್ನೊಂದು ತಪ್ಪು ಬೋಧನೆಯನ್ನು ಹೆಸರಿಸಲೇಬೇಕು. ಸ್ತುತಿಸಿದರೆ ಬಾಗಿಲು ತೆರೆಯುತ್ತದೆ ಎಂದು ಸೆರೆಮನೆಯಲ್ಲಿ ಹಾಡಿದ ಪೌಲ ಸೀಲರನ್ನು ತೋರಿಸಿ ಸಾರುತ್ತಾರೆ. ಅಪೊಸ್ತಲರ ಕೃತ್ಯಗಳು 16ನ್ನು ಪೂರ್ತಿ ಓದಿ: ಬಾಗಿಲುಗಳು ತೆರೆದವು, ಬೇಡಿಗಳು ಕಳಚಿದವು, ಅವರು ಹೋಗಲಿಲ್ಲ. ಅಲ್ಲೇ ಉಳಿದು ಸೆರೆಯ ಯಜಮಾನನ ಪ್ರಾಣ ಉಳಿಸಿದರು. ಬಿಡುಗಡೆಗಾಗಿ ಹಾಡಿದವರಾಗಿದ್ದರೆ ಮೊದಲು ಓಡುತ್ತಿದ್ದರು. ಸ್ತುತಿಯನ್ನು ಕೀಲಿಕೈ ಮಾಡಿಕೊಂಡವರು ಬಾಗಿಲು ತೆರೆಯದಿದ್ದಾಗ ಸ್ತುತಿಯನ್ನೂ ಬಿಡುತ್ತಾರೆ, ಹರಕೆಯನ್ನೂ ಬಿಡುತ್ತಾರೆ.

ಮುರಿದ ಹರಕೆಯ ಬಗ್ಗೆ ಸಭೆಗಳಲ್ಲಿ ಮಾತೇ ಇಲ್ಲ, ಬೇಕಾದದ್ದು ಅದೇ. ಕಾಯಿಲೆಯಿಂದಲೋ ಮರೆವಿನಿಂದಲೋ ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಮಾಡಲು ಹೋಗಬೇಡಿ. ಆ ಹೊರೆ ಬೆಳೆದು ಎಲ್ಲವನ್ನೂ ನಿಲ್ಲಿಸುತ್ತದೆ. ದಿನದ ಪಾಲು ಮಾತ್ರ ಮಾಡಿ, ಅವಧಿಯ ಕೊನೆಗೆ ಒಂದು ದಿನ ಸೇರಿಸಿ. ನಾಜೀರನು (ವ್ರತ ತೊಟ್ಟು ತನ್ನನ್ನು ದೇವರಿಗೆ ಮೀಸಲಿಟ್ಟವನು) ಹೆಣದಿಂದ ಅಶುದ್ಧನಾದರೆ ಹಿಂದಿನ ದಿನಗಳೆಲ್ಲ ವ್ಯರ್ಥವಾಗಿ ಮೊದಲಿನಿಂದ ಆರಂಭಿಸಬೇಕಿತ್ತು (ಅರಣ್ಯಕಾಂಡ 6:12) ಎಂಬುದನ್ನು ಹಿಡಿದು ಹೆದರುವವರಿದ್ದಾರೆ. ಅದು ಆ ವಿಶೇಷ ವ್ರತದ ನಿಯಮ. ನಿಮ್ಮ ಹರಕೆಗೆ ನೀವು ಬರೆದ ವಾಕ್ಯವೇ ಅಳತೆ. ಬೇಕೆಂದೇ ಬಿಟ್ಟಿದ್ದರೆ ಅದನ್ನು ಪಾಪವೆಂದು ಅರಿಕೆಮಾಡಿ, ಅದೇ ದಿನ ಮತ್ತೆ ಹಿಡಿಯಿರಿ.

ಹೊತ್ತದ್ದೇ ತಪ್ಪಾಗಿದ್ದರೆ? ತನ್ನನ್ನು ಅವಮಾನಿಸಿದ ನಾಬಾಲನ ಮನೆಯ ಗಂಡಸರನ್ನೆಲ್ಲ ಕೊಲ್ಲುತ್ತೇನೆಂದು ದಾವೀದ ಆಣೆಯಿಟ್ಟಿದ್ದ. ನಾಬಾಲನ ಹೆಂಡತಿ ಅಬೀಗೈಲಳು ಅಡ್ಡ ಬಂದು ತಡೆದಾಗ ಆಣೆ ಮುರಿಯಿತೆಂದು ಕೊರಗಲಿಲ್ಲ, ಆಕೆಯನ್ನು ಕಳುಹಿಸಿದ ದೇವರನ್ನು ಕೊಂಡಾಡಿದ. ಹೆರೋದನಾದರೋ ಅತಿಥಿಗಳೆದುರು ಇಟ್ಟ ಆಣೆಗೆ ಕಟ್ಟುಬಿದ್ದು ಸ್ನಾನಿಕನಾದ ಯೋಹಾನನ ತಲೆ ತೆಗೆಸಿದ. ಪಾಪಕ್ಕೆ ಕಟ್ಟುವ ಮಾತನ್ನು ಬಿಡಬೇಕು, ಆಡಿದ್ದಕ್ಕೆ ಪಶ್ಚಾತ್ತಾಪಪಡಬೇಕು, ಅಷ್ಟೇ.

ಒಳ್ಳೆಯದೇ ಆದರೂ ಈಗ ಅಸಾಧ್ಯವಾದ ಹರಕೆ ಮೂರನೆಯ ಬಗೆ. ಕೆಲಸ ಹೋಗಿದೆ, ದೇಹ ಕೈಕೊಟ್ಟಿದೆ. ಕ್ಯಾಥೋಲಿಕ್ಕರಿಗೆ ಇಲ್ಲಿ ಸ್ಪಷ್ಟ ದಾರಿಯಿದೆ: ಖಾಸಗಿ ಹರಕೆಯಿಂದ ನ್ಯಾಯವಾದ ಕಾರಣಕ್ಕಾಗಿ ಧರ್ಮಕೇಂದ್ರದ ಗುರುಗಳೇ ವಿನಾಯಿತಿ ಕೊಡಬಲ್ಲರು (ವಿಧಿ 1196); ಸಮಾನವಾದ ಅಥವಾ ಹೆಚ್ಚಿನ ಒಳಿತಿಗೆ ಹರಕೆಯನ್ನು ತಾವೇ ಬದಲಿಸಿಕೊಳ್ಳಬಹುದು, ಕಡಿಮೆಯದಕ್ಕೆ ಇಳಿಸಲು ಮಾತ್ರ ಅಧಿಕಾರವುಳ್ಳವರ ಬಳಿ ಹೋಗಬೇಕು (1197). ಇತರ ಸಭೆಗಳವರು ಸಭಾಪಾಲಕರ ಅಥವಾ ಹಿರಿಯರ ಮುಂದೆ ವಿಷಯ ಇಟ್ಟು, ಅವರೊಂದಿಗೆ ಪ್ರಾರ್ಥಿಸಿ ಹೊಸ ಅಳತೆ ಬರೆದುಕೊಳ್ಳಲಿ. ಮೋಶೆಯ ಧರ್ಮಶಾಸ್ತ್ರದಲ್ಲೇ ಇದಕ್ಕೆ ಆಧಾರವಿದೆ: ದೇವರಿಗೆ ಹರಕೆಯಾಗಿ ಒಪ್ಪಿಸಿದ ವ್ಯಕ್ತಿಯ ಬದಲಿಗೆ ಕೊಡಬೇಕಾದ ನಿಗದಿತ ಬೆಲೆ 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್ ಆಗಿದ್ದರೂ, ಕೊಡಲಾಗದ ಬಡವನಾದರೆ ಯಾಜಕನು ಅವನ ಶಕ್ತಿಗೆ ತಕ್ಕಂತೆ ಗೊತ್ತುಮಾಡಬೇಕಿತ್ತು (ಯಾಜಕಕಾಂಡ 27:8). ಕೂಡದ್ದು ಒಂದೇ, ಯಾರಿಗೂ ಹೇಳದೆ ತಾನೇ ಇಳಿಸಿಕೊಳ್ಳುವುದು. ಹಿಂಡಿನಲ್ಲಿ ಒಳ್ಳೆಯ ಗಂಡುಪಶು ಇದ್ದೂ ಕುಂದುಳ್ಳದ್ದನ್ನು ತರುವವನನ್ನು ಮಲಾಕಿ 1:14 ಮೋಸಗಾರ ಎನ್ನುತ್ತದೆ.

ಹರಕೆ ತಪ್ಪಿದ ಮನೆಯಲ್ಲಿ ಕಾಯಿಲೆ ಬಂದರೆ ಅದೇ ಕಾರಣ ಎಂದು ತೀರ್ಪು ಕೊಡುವ ಬೋಧಕರಿದ್ದಾರೆ. ಹರಕೆ ತೀರಿಸದಿದ್ದರೆ ದೇವರು ಕೋಪಗೊಳ್ಳುವನೆಂಬ ಪ್ರಸಂಗಿ 5ನೇ ಅಧ್ಯಾಯದ ಎಚ್ಚರಿಕೆ ನಿಜವೇ, ಅದನ್ನು ನಾವು ಮೃದುಗೊಳಿಸುವುದಿಲ್ಲ. ಆದರೆ ಇಂಥ ರೋಗಕ್ಕೆ ಇಂಥ ಪಾಪ ಎಂದು ಹೊಂದಿಸಲು ಹೋದ ಶಿಷ್ಯರನ್ನು ಯೇಸು ಯೋಹಾನ 9:3ರಲ್ಲಿ ತಡೆದಿದ್ದಾನೆ. ಹೆದರಿದ ತಾಯಿಯೊಬ್ಬಳ ಮುಂದೆ ಆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ಸಭಾಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಕೂಟಗಳಲ್ಲಿ ಹರಕೆಗಾಗಿ ಕೈ ಎತ್ತಿಸುವುದನ್ನೂ ಮೊತ್ತ ಕೂಗಿಸುವುದನ್ನೂ ನಿಲ್ಲಿಸಿ, ಒಂದು ಖಾಲಿ ಹಾಳೆ ಕೊಟ್ಟು ಮನೆಗೆ ಕಳುಹಿಸಿ. ಅದನ್ನು ಹಿಂದಕ್ಕೆ ಕೇಳಬೇಡಿ. ಹೊಸ ಹರಕೆಗೆ ಕರೆಯುವ ಮೊದಲು ಎಲ್ಲರೂ ಈಗಾಗಲೇ ಕೊಟ್ಟಿರುವ ದೀಕ್ಷಾಸ್ನಾನದ ಮಾತನ್ನು, ವಿವಾಹದ ಮಾತನ್ನು ನೆನಪಿಸಿ. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಮೆಥೋಡಿಸ್ಟ್ ಸಭೆಗಳು ಇಂದಿಗೂ ಹೊಸ ವರ್ಷದ ಸುಮಾರಿಗೆ ನಡೆಸುವುದು ಇಂಥ ನವೀಕರಣಕ್ಕಾಗಿಯೇ. ಕೃತಜ್ಞತಾ ಆರಾಧನೆಯಲ್ಲಿ ಇಪ್ಪತ್ತು ನಿಮಿಷವನ್ನು ಹರಕೆ ತೀರಿಸಿದವರಿಗೆ ಬಿಡಿ. ಒಬ್ಬೊಬ್ಬರಿಗೆ ಮೂರು ನಿಮಿಷ, ದೇವರು ಮಾಡಿದ್ದನ್ನು ಮಾತ್ರ ಹೇಳಲಿ, ನಡುವೆ 116ನೇ ಕೀರ್ತನೆಯನ್ನು ಸಭೆ ಒಟ್ಟಾಗಿ ಓದಲಿ. ಅಂದಿನ ಊಟಕ್ಕೆ, ಪ್ರತಿಯಾಗಿ ನಿಮ್ಮನ್ನು ಊಟಕ್ಕೆ ಕರೆಯಲಾಗದವರನ್ನು ಮೊದಲು ಕರೆಯಿರಿ. ತೀರಿಸಲಾಗದೆ ಕುಗ್ಗಿರುವವರಿಗೆ ಅದಕ್ಕಿಂತ ಮುಂಚಿನ ವಾರದಲ್ಲೇ ಒಬ್ಬೊಬ್ಬರಾಗಿ ಬಂದು ಮಾತಾಡಲು ಒಂದು ಹೊತ್ತನ್ನು ಪ್ರಕಟಿಸಿ, ಆ ಹೊತ್ತಿನಲ್ಲಿ ಬಾಗಿಲು ತೆರೆದು ಕುಳಿತಿರಿ.

ಇಂತಿ,
ಸಭೆಗಳಲ್ಲಿ ವಾಕ್ಯಬೋಧನೆಯ ಕೆಲಸದಲ್ಲಿರುವವರು